ಗೋಡೆಯಾಚೆಯ ನೆಟ್ಟು

ಟೀಚರಮ್ಮನ ಕೈ ಗಾಳಿಯಲ್ಲಿ ನಿಂತುಹೋಯಿತು. ಕ್ರೋಶಾ ಕಡ್ಡಿಯ ಕೊಕ್ಕೆಗೆ ಸಿಕ್ಕಿಕೊಂಡ ನೀಲಿ ದಾರ ಅರ್ಧ ಎಳೆದ ಹಾಗೇ ಇತ್ತು, ಬಾಯಿ ತೆರೆದೇ ಇತ್ತು. ಪರದೆಯ ನಡುವೆ ಸಣ್ಣದೊಂದು ಉಂಗುರ ಗಿರಗಿರ ತಿರುಗತೊಡಗಿತು. ಈಚೆ ಚಾಪೆಯ ಮೇಲೆ ಕೂತಿದ್ದ ಅಮ್ಮನೂ ತನ್ನ ಕಡ್ಡಿಯನ್ನು ಅದೇ ಎತ್ತರಕ್ಕೆ ಹಿಡಿದುಕೊಂಡು ಕಾದಳು.

"ನಿಂತೋಯ್ತು ಕಣೇ ಪುಟ್ಟಿ."

"ಬರುತ್ತೆ ಇರಮ್ಮ, ಒಂದ್ನಿಮಿಷ."

"ನಿನ್ನ ಒಂದ್ನಿಮಿಷ ನೆಚ್ಕೊಂಡು ಕೂತ್ರೆ ಈ ಶಾಲು ಮುಗಿಯೋ ಹೊತ್ತಿಗೆ ನಿನಗೇ ಮೊಮ್ಮಕ್ಕಳು ಬಂದಿರ್ತಾರೆ" ಎಂದು ಅಮ್ಮ ಉಲ್ಲನ್ ಉಂಡೆಗಳನ್ನು ಚೀಲಕ್ಕೆ ತುಂಬಿದಳು. ಟ್ಯಾಬನ್ನು ಕಂಕುಳಲ್ಲಿ ಅವುಚಿಕೊಂಡು ಗೋಡೆ ಹಿಡಿದು ಎದ್ದಳು. ವರ್ಷಾನುಗಟ್ಟಲೆ ಹೊಲಿಗೆ ಯಂತ್ರ ತುಳಿದು ಸವೆದ ಮಂಡಿ ಅವಳದು. ಚಪ್ಪಲಿಯ ಸದ್ದು ನಾಲ್ಕು ಹೆಜ್ಜೆಗೆ ಮುಗಿಯಿತು. ಪಕ್ಕದ ಬಾಗಿಲು ತೆರೆಯಿತು.

"ಬಾಮ್ಮ, ಮತ್ತೆ ಹೋಯ್ತಾ?" ಅಕ್ಕನ ದನಿ.

ಆ 'ಮತ್ತೆ' ಪುಟ್ಟಿಯ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚಿತು.

ಪುಟ್ಟಿ ಎಂದು ಕರೆಸಿಕೊಳ್ಳುವ ವಯಸ್ಸನ್ನು ಅವಳು ಎಂದೋ ದಾಟಿದ್ದಳು. ಪದವಿ ಮುಗಿಸಿ, ಯಾರ್ಯಾರದೋ ಸಭೆ ಸಂದರ್ಶನಗಳ ಧ್ವನಿ ಕೇಳಿ ಟೈಪು ಮಾಡಿ ಕಳಿಸುವ ಕೆಲಸ ಹಿಡಿದಿದ್ದಳು. ಬೆಳಗಿನಿಂದ ಕಿವಿಗೆ ಹೆಡ್‌ಫೋನು. ಕೆಮ್ಮಿದವರು ಯಾರು, ಕುರ್ಚಿ ಎಳೆದವರು ಯಾರು ಎಂದು ಬೇರ್ಪಡಿಸಬಲ್ಲ ಕಿವಿ ಅದು. ಅಕ್ಕನ ಮನೆಗೂ ತಮ್ಮ ಮನೆಗೂ ಇದ್ದದ್ದು ಒಂದೇ ಗೋಡೆಯಾದ್ದರಿಂದ ಆ ಕಿವಿಯೇ ಈಗ ಅವಳಿಗೆ ಶತ್ರುವಾಗಿತ್ತು. ಲೋಟ ಇಟ್ಟ ಸದ್ದು, ಭಾವ ಟಿವಿಯ ದನಿ ತಗ್ಗಿಸಿದ್ದು, ಅಮ್ಮ ನಕ್ಕಿದ್ದು ಎಲ್ಲವೂ ಕೇಳಿಸುತ್ತಿತ್ತು. ಮೊದಮೊದಲು ಪಾಠ ಮುಗಿದ ಕೂಡಲೇ ಬರುತ್ತಿದ್ದ ಅಮ್ಮ, ಬರಬರುತ್ತಾ ಊಟವನ್ನೂ ಅಲ್ಲೇ ಮುಗಿಸಿ ಬರತೊಡಗಿದ್ದಳು. ಅಕ್ಕನಿಗೆ ಭಾವ ಇದ್ದಾರೆ, ಗೆಳತಿಯರ ಹಿಂಡೇ ಇದೆ. ತನಗಿರುವುದು ಅಮ್ಮ ಒಬ್ಬಳು, ಅದರಲ್ಲೂ ಅವಳ ಸಂಜೆ. ಅದಕ್ಕೂ ಕೈ ಹಾಕಬೇಕಿತ್ತೇ?

"ನಮ್ಮ ವೈಫೈ ಪಾಸ್‌ವರ್ಡೇ ಹಾಕ್ಕೊಳ್ಳೇ, ಗೋಡೆ ದಾಟಿ ಬರುತ್ತೆ" ಎಂದು ಅಕ್ಕ ಒಮ್ಮೆ ಹೇಳಿದ್ದಳು. ಭಾವ ಪಕ್ಕದಲ್ಲೇ ನಿಂತು, "ನಾನು ಆಗಲೇ ಹೇಳ್ದೆ, ಆ ಹಳೇ ಕಂಪನಿ ಬಿಡು ಅಂತ. ಅದು ನೆಟ್ಟಲ್ಲ ತಾಯಿ, ನೆಟ್ಟಗಿಲ್ಲದ್ದು" ಎಂದು ನಕ್ಕಿದ್ದರು. ಪುಟ್ಟಿಯೂ ನಕ್ಕು, ಬೇಡ ಎಂದು ಬಂದಿದ್ದಳು. ಅಮ್ಮನನ್ನು ಅಕ್ಕನ ನೆಟ್ಟು ಕೊಟ್ಟು ಉಳಿಸಿಕೊಳ್ಳುವುದೇ?

ಹಳೇ ಕಂಪನಿಗೆ ಫೋನು ಮಾಡುವ ಮುಂಚೆ ಅವಳು ಕನ್ನಡಿಯ ಎದುರು ಸಿಟ್ಟಿನ ಮಾತುಗಳನ್ನು ಅಭ್ಯಾಸ ಮಾಡಿಕೊಳ್ಳುತ್ತಿದ್ದಳು. ಆಚೆ ಸಂಗೀತ ಮುಗಿದು ಮನುಷ್ಯನೊಬ್ಬ ಸಿಕ್ಕ ಕೂಡಲೇ ಅವೆಲ್ಲ ಎಲ್ಲಿ ಹೋಗುತ್ತಿದ್ದವೋ.

"ರೂಟರ್ ಆಫ್ ಮಾಡಿ ಆನ್ ಮಾಡಿ ಮೇಡಂ."

"ಮಾಡಿದೆ."

"ಇನ್ನೊಂದ್ಸಲ ಮಾಡಿ."

"ಇನ್ನೊಂದ್ಸಲಾನೂ ಮಾಡಿದೆ."

"ನಮ್ಮ ಕಡೆಯಿಂದ ಎಲ್ಲಾ ಸರಿಯಾಗೇ ಇದೆ ಮೇಡಂ. ಬೇರೆ ಏನಾದ್ರೂ ಸಹಾಯ ಬೇಕಾ?"

"ಇಲ್ಲ, ಥ್ಯಾಂಕ್ಸ್" ಎಂದು ಫೋನಿಟ್ಟು, ಥ್ಯಾಂಕ್ಸ್ ಯಾಕೆ ಹೇಳಿದೆ ಎಂದು ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ದೂರು ಪರಿಹಾರವಾಗಿದೆ ಎಂಬ ಮೆಸೇಜು ಬಂದಿರುತ್ತಿತ್ತು. ಜೊತೆಗೆ ಸಂತೋಷವಾಯಿತೇ ಎಂದು ಕೇಳುವ ನಗುಮುಖಗಳ ಸಾಲು.

ಕೊನೆಗೆ ಬೇರೆ ಕಂಪನಿ ಹುಡುಕಿದಳು. ಒಂದಕ್ಕೆ ಈ ಬೀದಿಯೇ ಗೊತ್ತಿರಲಿಲ್ಲ. ಇನ್ನೊಂದಕ್ಕೆ ಗೋಡೆ ಕೊರೆಯಬೇಕು. ಮನೆ ಮಾಲೀಕರು "ಗೋಡೆ ಮುಟ್ಟಿದ್ರೆ ನೋಡಿ" ಎಂದುಬಿಟ್ಟರು. ಉಳಿದದ್ದು ಅಕ್ಕನ ಮನೆಗೆ ನೆಟ್ಟು ಕೊಡುವ ಕಂಪನಿಯೇ. ಅದರ ಲೈನಿನವನಿಗೆ ಫೋನು ಮಾಡುವಾಗ ಅವಳು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಪಿಸುಗುಟ್ಟಿದಳು, ಗೋಡೆಗೆ ಕೇಳಿಸಬಾರದೆಂದು.

ಲೈನಿನವನು ಹೆಗಲಿಗೆ ವೈರಿನ ಸುರುಳಿ ತೂಗುಹಾಕಿಕೊಂಡು ಬಂದ. ಬಂದವನೇ ಕೇಳಿದ್ದು ಬೇರೆ. "ಈ ಮಹಡಿಗೆಲ್ಲ ಹಂಚೋ ಡಬ್ಬಿ ಒಂದಿದೆ ಮೇಡಂ. ಕೊನೇ ಮನೆಯವರ ಕರೆಂಟಲ್ಲಿ ನಡೀತಿತ್ತು, ಅವರು ಖಾಲಿ ಮಾಡ್ತಿದ್ದಾರೆ. ನಿಮ್ಮನೇಲಿ ಒಂದು ಪ್ಲಗ್ ಕೊಡ್ತೀರಾ? ಬೇರೆಯವರೆಲ್ಲ ಗೊಣಗ್ತಾರೆ."

ಇಲ್ಲ ಎನ್ನಲು ಬಾರದ ಪುಟ್ಟಿ ಹೂಂ ಎಂದಳು. ಚಪ್ಪಲಿ ಗೂಡಿನ ಮೇಲೆ, ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗಿನ ಜಾಗದಲ್ಲಿ ಕಪ್ಪು ಡಬ್ಬಿ ಕೂತಿತು. ಹಸಿರು ದೀಪಗಳು ಮಿಣುಕಿದವು.

"ಇದನ್ನ ಮಾತ್ರ ಆರಿಸ್ಬೇಡಿ. ಇದು ಹೋದ್ರೆ ಪಕ್ಕದ ಮನೆಯವರದ್ದೂ ಹೋಯ್ತು, ಎಲ್ಲಾರೂ ನನ್ನ ಜನ್ಮ ಜಾಲಾಡ್ತಾರೆ" ಎಂದು ಅವನು ಹೊರಟ.

ಆ ಸಂಜೆ ಟೀಚರಮ್ಮ ಒಮ್ಮೆಯೂ ತಡವರಿಸಲಿಲ್ಲ. ಪುಟ್ಟಿ ಅಮ್ಮನ ಬೆನ್ನಿಗೆ ದಿಂಬು ಕೊಟ್ಟಳು, ಚಹಾ ಮಾಡಿಟ್ಟಳು. ಪಾಠ ನಡೆದಷ್ಟು ಹೊತ್ತೂ ಮೇಜಿನ ಹತ್ತಿರ ಟೈಪು ಮಾಡುತ್ತಾ ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಅಮ್ಮ ಒಂದು ಸಾಲು ಮುಗಿಸಿ ಎತ್ತಿ ತೋರಿಸಿದಳು. ಹೆಡ್‌ಫೋನು ಹಾಕಿಕೊಂಡಿದ್ದ ಪುಟ್ಟಿ ಹೆಬ್ಬೆರಳೆತ್ತಿದಳು. ಅಮ್ಮ ಇನ್ನೇನೋ ಹೇಳಿದಳು. ಪುಟ್ಟಿ ನಕ್ಕು ತಲೆಯಾಡಿಸಿದಳು. ಚಹಾ ಕೆನೆಗಟ್ಟಿತು.

ಮರುದಿನ ಹೊತ್ತು ಇಳಿಯುತ್ತಿದ್ದಂತೆ ಅಮ್ಮ ಚೀಲ ಹೆಗಲಿಗೆ ಹಾಕಿಕೊಂಡಳು.

"ಎಲ್ಲಿಗಮ್ಮ? ಇಲ್ಲೇ ಚೆನ್ನಾಗಿ ಬರುತ್ತಲ್ಲ ಈಗ."

"ಚೆನ್ನಾಗೇ ಬರುತ್ತೆ ಕಣೆ, ಯಾರಿಲ್ಲ ಅಂದ್ರು? ನಿಂಗೂ ಕೆಲಸ ಇರುತ್ತೆ. ಅವಳು ಬಣ್ಣ ಜೋಡಿಸ್ಕೊಡ್ತೀನಿ ಬಾ ಅಂದಿದ್ಲು."

"ಬಣ್ಣ ನಾನೂ ಜೋಡಿಸ್ತೀನಿ."

"ನೀನಾ? ಎಲ್ಲಾದಕ್ಕೂ ಬೂದಿ ಬಣ್ಣ ಅಂತೀಯ" ಎಂದು ಅಮ್ಮ ಅವಳ ಕೆನ್ನೆ ತಟ್ಟಿ ಹೋದಳು.

ಪಕ್ಕದ ಬಾಗಿಲು ತೆರೆದು ಮುಚ್ಚಿತು. ಪುಟ್ಟಿ ಹೆಡ್‌ಫೋನು ಏರಿಸಿ ಕೂತಳು, ಇಳಿಸಿದಳು. ಗೋಡೆಯಾಚೆ ಟೀಚರಮ್ಮ ನಿರರ್ಗಳವಾಗಿ ಹೇಳಿಕೊಡುತ್ತಿದ್ದರು. ಅಕ್ಕ ನಡುವೆ ಏನೋ ಅಂದಳು, ಅಮ್ಮ "ಥೂ ಹೋಗೇ" ಎಂದಳು. ಅಮ್ಮ ಪುಟ್ಟಿಗೆ ಎಂದೂ 'ಥೂ ಹೋಗೇ' ಅಂದಿರಲಿಲ್ಲ. ಅಂಥ ಸಲಿಗೆಯ ಬೈಗುಳ ಅಕ್ಕನ ಪಾಲಿಗೇ. ತನಗೆ ಸಿಗುವುದು ಕೆನ್ನೆ ತಟ್ಟುವುದು, ಜ್ವರ ಬಂದ ಮಕ್ಕಳಿಗೆ ತಟ್ಟಿದ ಹಾಗೆ.

ಪುಟ್ಟಿ ಎದ್ದು ಚಪ್ಪಲಿ ಗೂಡಿನ ಹತ್ತಿರ ಹೋದಳು. ಯಾರಾದರೂ ಕೇಳಿದರೆ ಹೇಳಲಿಕ್ಕಿರಲಿ ಎಂದು ಇಸ್ತ್ರಿ ಪೆಟ್ಟಿಗೆಯನ್ನೂ ಒಂದು ಅಂಗಿಯನ್ನೂ ತಂದು ಮೇಜಿನ ಮೇಲಿಟ್ಟಳು. ಆಮೇಲೆ ಡಬ್ಬಿಯ ಪ್ಲಗ್ಗು ಕಿತ್ತಳು.

ಹಸಿರು ದೀಪಗಳು ಆರಿದವು. ಟೀಚರಮ್ಮನ ದನಿ ಪದದ ನಡುವೆಯೇ ತುಂಡಾಯಿತು.

"ಅಯ್ಯೋ!" ಎಂದಳು ಅಮ್ಮ ಗೋಡೆಯಾಚೆ.

ಪುಟ್ಟಿ ಚಾಪೆ ಹಾಸಿದಳು, ದಿಂಬು ಕೊಡವಿ ಗೋಡೆಗೆ ಒರಗಿಸಿದಳು. ಹೆಡ್‌ಫೋನನ್ನು ಕಪಾಟಿನೊಳಗೆ ಹಾಕಿ ಬಾಗಿಲು ಮುಚ್ಚಿದಳು. ಈಗ ಚಪ್ಪಲಿ ಸದ್ದಾಗುತ್ತದೆ, ನಾಲ್ಕು ಹೆಜ್ಜೆ.

ತುಸು ಹೊತ್ತಿಗೆ ಸದ್ದಾಯಿತು. ಬಾಗಿಲು ತೆಗೆದರೆ ಅಕ್ಕ.

"ಪುಟ್ಟಿ, ನಿಮ್ಮನೇಲಿ ನೆಟ್ಟಿದ್ಯಾ?"

"ಇಲ್ಲ."

"ನಮ್ಮದೂ ಹೋಯ್ತು ನೋಡು. ಲೈನಿನವನಿಗೆ ಹೇಳಿದೀನಿ." ಅಕ್ಕ ಒಳಗೆ ಇಣುಕಿದಳು. "ಇದೇನೇ ಈ ಹೊತ್ತಲ್ಲಿ ಇಸ್ತ್ರಿ?"

"ಹ್ಞೂಂ, ಸುಮ್ನೆ."

"ಅಲ್ಲಿಗೆ ಬಾ, ಒಬ್ಳೇ ಏನ್ಮಾಡ್ತೀಯ?"

"ಅಮ್ಮ... ಬರ್ತಾಳಾ ಈಗ?"

"ಅಮ್ಮ ಎಲ್ಲಿಗೆ ಬರ್ತಾಳೆ! ನೆಟ್ಟು ಹೋದದ್ದೇ ಒಳ್ಳೇದಾಯ್ತು, ತಾನೇ ಟೀಚರ್ ಅಂತ ನನ್ನ ಹಿಡ್ಕೊಂಡು ಕೂರಿಸಿದಾಳೆ. ಕೈಗೆ ಹೊಡೀತಾಳೆ ಕಣೇ!" ಅಕ್ಕ ಬೆರಳು ಮುಂದೆ ಹಿಡಿದು ತೋರಿಸಿ ನಕ್ಕಳು. ಬೆರಳಿಗೆ ಕೆಂಪು ದಾರ ಸುತ್ತಿಕೊಂಡಿತ್ತು. ಅದರ ಇನ್ನೊಂದು ತುದಿ ಅಕ್ಕನ ಹಿಂದೆ ನೆಲದ ಮೇಲೆ ಹರಿದು ಅವರ ಮನೆಯೊಳಕ್ಕೆ ಹೋಗಿತ್ತು.

"ಎಲ್ಲಿ ಹೋದ್ಯೇ? ದಾರ ಗಂಟಾಗುತ್ತೆ ಬಾ!" ಎಂದು ಅಮ್ಮ ಒಳಗಿಂದ ಕೂಗಿದಳು. ಅಕ್ಕ ದಾರ ಸುತ್ತಿಕೊಳ್ಳುತ್ತಾ ಓಡಿದಳು.

ಪುಟ್ಟಿಯ ಫೋನು ಹೊಡೆದುಕೊಂಡಿತು. ಲೈನಿನವನು.

"ಮೇಡಂ, ಮಹಡಿಯವರೆಲ್ಲ ಫೋನ್ ಮೇಲೆ ಫೋನು. ಡಬ್ಬೀಲಿ ದೀಪ ಉರೀತಿದ್ಯಾ ನೋಡಿ."

ಅವಳು ಡಬ್ಬಿಯನ್ನು ನೋಡಿದಳು. ಇಸ್ತ್ರಿ ಪೆಟ್ಟಿಗೆಯನ್ನು ನೋಡಿದಳು. "ಪ್ಲಗ್ ಸಡಿಲ ಆಗಿತ್ತು ಅನ್ಸುತ್ತೆ" ಎಂದಳು. ಪ್ಲಗ್ಗನ್ನು ಮತ್ತೆ ಚುಚ್ಚಿದಾಗ ದೀಪಗಳು ಮೊದಲು ಕಿತ್ತಳೆ, ಆಮೇಲೆ ಒಂದೊಂದಾಗಿ ಹಸಿರಾದವು.

"ಬಂತು" ಎಂದಳು.

"ಅಬ್ಬಾ, ಬದುಕಿಸಿದ್ರಿ. ಪಕ್ಕದ ಮನೇಲೂ ಬಂತಾ ಕೇಳಿ ಹೇಳಿ ಮೇಡಂ, ಲೈನಲ್ಲೇ ಇರ್ತೀನಿ."

ಪುಟ್ಟಿ ಫೋನು ಹಿಡಿದುಕೊಂಡೇ ಹೊರಗೆ ಬಂದಳು. ಅಕ್ಕ ಅವಸರದಲ್ಲಿ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸಂದಿನಿಂದ ಬೆಳಕಿನ ಪಟ್ಟಿಯೊಂದು ಕಾರಿಡಾರಿನ ನೆಲದ ಮೇಲೆ ಬಿದ್ದಿತ್ತು. ಒಳಗೆ ಇಬ್ಬರೂ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಟ್ಯಾಬು ಸೋಫಾದ ಮೇಲೆ ಬೋರಲಾಗಿ ಬಿದ್ದಿತ್ತು. ಅಮ್ಮ ಅಕ್ಕನ ಕೈಯ ಮೇಲೆ ತನ್ನ ಕೈಯಿಟ್ಟು ಕಡ್ಡಿ ತಿರುಗಿಸುತ್ತಿದ್ದಳು. "ಇಲ್ಲಲ್ಲ, ಒಳಗಿಂದ ತಗೊಳ್ಳೇ, ಹಾಂ, ಹಾಗೆ." ಅಕ್ಕನ ತಲೆ ಅಮ್ಮನ ಹೆಗಲಿಗೆ ತಾಗುವಷ್ಟು ಬಾಗಿತ್ತು.

"ಹಲೋ? ಬಂತಂತಾ ಮೇಡಂ?"

"ಅವರಿನ್ನೂ ನೋಡಿಲ್ಲ" ಎಂದಳು ಪುಟ್ಟಿ, ಬಹಳ ಮೆಲ್ಲಗೆ.

ಕೆಂಪು ಉಂಡೆ ಅವರ ಹಿಂದೆ ನೆಲದ ಮೇಲಿತ್ತು. ಒಳಗೆ ಒಂದೊಂದು ಕುಣಿಕೆ ಎಳೆದಾಗಲೂ ಅದು ತುಸು ಉರುಳುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತುಸು ಉರುಳುತ್ತಿತ್ತು.