ಕಡಿಯದ ಭಜನೆ ಬರೆದವನು ನಾನು

“ಎರಡು ಸೆಕೆಂಡ್ ಅಂದ್ರ ಸಣ್ಣದೇನಲೇ ದಸ್ತಗೀರಾ? ಅಂಗಿ ಹೊಲದು, ತೋಳು ಎರಡು ಇಂಚು ದೂರ ಹಚ್ಚಿ ಕೊಟ್ರ ಹಾಕ್ಕೋತೀಯೇನು ನೀ?”

ಏಕನಾಥಪ್ಪ ಸೀಡಿಯನ್ನು ಅಂಗಡಿಯ ಮೇಜಿನ ಮೇಲೆ ಎಸೆದ. ಅದು ಉರುಳಿಕೊಂಡು ಬಂದು ನನ್ನ ಮುಂದೆಯೇ ಬಿತ್ತು.

“ಕಾಕಾ, ಮಷಿನ್ ಹಂಗ ಬರೀತೈತಿ. ಒಂದ್ ಹಾಡು ಮುಗದ್ರ ಒಂಚೂರು ಸುಮ್ಮಾಗಿ ಮತ್ತೊಂದು ಚಾಲೂ ಮಾಡ್ತೈತಿ. ಎಲ್ಲಾರೂ ಹಂಗ ಒಯ್ತಾರ. ನಿಮಗೊಬ್ಬರಿಗೇ ತ್ರಾಸು.”

“ಎಲ್ಲಾರೂ ಮದವಿ ಮನ್ಯಾಗ ಹಚ್ಚಾಕ ಒಯ್ತಾರ. ನಂದು ಸಪ್ತಾಹಲೇ! ನಡುವ ನಾಮ ಕಡದ್ರ ಸಪ್ತಾಹ ಸತ್ತಂಗ. ನಿನ್ನ ಮಷಿನ್ನಿನ ಬಾಯಾಗ ಮಣ್ಣ ಹಾಕ!”

ಆ ಬಾಯಿ ನನ್ನದು. ನಾನು ಸೀಡಿ ಬರೆಯುವ ಯಂತ್ರ. ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ. ಬಾಯಿಗೆ ಬಟ್ಟೆ ಕಟ್ಟಿಕೊಂಡ ಹೆಣ್ಣುಮಕ್ಕಳು ನನ್ನ ಹೊಟ್ಟೆಯೊಳಗೆ ಕಣ್ಣಿಗೆ ಕಾಣದ ಬೆಳಕಿನ ಸೂಜಿಯೊಂದನ್ನು ಕೂರಿಸಿದರು. ಖಾಲಿ ತಟ್ಟೆಯ ಮೇಲೆ, ನಡುವಿನಿಂದ ಅಂಚಿನ ಕಡೆಗೆ ಸುತ್ತುತ್ತ, ಆ ಸೂಜಿಯಿಂದ ಹಾಡು ಸುಡುವುದು ನನ್ನ ಕಸುಬು. ಹಡಗು ಹತ್ತಿ, ಲಾರಿ ಹತ್ತಿ, ಹಾವೇರಿ ಸೀಮೆಯ ಒಂದು ಪೇಟೆಗೆ ಬಂದೆ. ಕ್ಯಾಸೆಟ್ ಮಾರುತ್ತಿದ್ದ ದಸ್ತಗೀರ ನನ್ನನ್ನು ತನ್ನ ಕಂಪ್ಯೂಟರಿನಲ್ಲಿ ಕೂರಿಸಿದ. ಸಿನಿಮಾ ಹಾಡು, ಸೋಬಾನೆ ಪದ, ಹೇಳಿದ್ದನ್ನೆಲ್ಲ ಬರೆದೆ. ಹಾಡು ಹಾಡಿಗೂ ಬೆಳಕು ಆರಿಸು ಎಂದ, ಆರಿಸಿದೆ. ಮಣ್ಣು ತಿನ್ನಬೇಕಾದ ತಪ್ಪು ಅದರಲ್ಲಿ ನನಗೇನೂ ಕಾಣಲಿಲ್ಲ.

ಆದರೆ ಏಕನಾಥಪ್ಪನ ಸಿಟ್ಟಿಗೂ ಕಾರಣವಿತ್ತು. ಅವನು ಸಿಂಪಿಗರ ಓಣಿಯ ದರ್ಜಿ. ಅಲ್ಲಿಯ ವಿಠ್ಠಲ ಗುಡಿಯಲ್ಲಿ ವರ್ಷಕ್ಕೊಮ್ಮೆ ಏಳು ದಿನ, ಹಗಲೂ ಇರುಳೂ ಭಜನೆ. ಕಟ್ಟಳೆ ಎರಡೇ. ಹಾಡು ನಿಲ್ಲಬಾರದು, ವೀಣೆ ನೆಲ ಮುಟ್ಟಬಾರದು. ಏಕತಾರಿಯಂಥ ಆ ಸಣ್ಣ ವೀಣೆಯನ್ನು ಒಬ್ಬ ಕೊರಳಿಗೆ ಹಾಕಿಕೊಂಡು ಹಾಡುತ್ತ ನಿಂತಿರಬೇಕು. ಅವನ ಪಾಳಿ ಮುಗಿಯುವ ಮೊದಲೇ ಮುಂದಿನವನು ಬಂದು, ದನಿಗೂಡಿಸಿ, ಹಾಡುತ್ತಲೇ ವೀಣೆಯನ್ನು ತನ್ನ ಕೊರಳಿಗೆ ಹಾಕಿಕೊಳ್ಳಬೇಕು. ಹಾಡು ಬಾಯಿಂದ ಬಾಯಿಗೆ, ವೀಣೆ ಕೊರಳಿಂದ ಕೊರಳಿಗೆ.

ಒಂದು ಕಾಲಕ್ಕೆ ಪಾಳಿಗಾಗಿ ಜಗಳವಾಡುತ್ತಿದ್ದರಂತೆ. ಆಮೇಲೆ ಪೇಟೆಗೆ ಸಿದ್ಧ ಉಡುಪು ಬಂತು. ಓಣಿಯ ಹೊಲಿಗೆ ಯಂತ್ರಗಳು ಒಂದೊಂದಾಗಿ ಸುಮ್ಮನಾದವು. ಜನ ಕೆಲಸ ಹುಡುಕಿಕೊಂಡು ಚದುರಿದರು. ಮಧ್ಯಾಹ್ನದ ಪಾಳಿಗೆ ಒಬ್ಬನೇ ಉಳಿದ. ಒಬ್ಬನೇ ಎಷ್ಟು ಹೊತ್ತು ಹಾಡಿಯಾನು? ಗುಡಿ ಕಮಿಟಿಯ ಮುಖಂಡ, ಬಟ್ಟೆ ಅಂಗಡಿಯ ಜನಾರ್ದನ ಖೋಕಳೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ: ಈ ಸಲ ನಡುವೆ ಭಜನೆ ಕಡಿದರೆ ಮುಂದಿನ ವರ್ಷದಿಂದ ಸಪ್ತಾಹ ಬಂದ್, ಒಂದೇ ದಿನದ ಪೂಜೆ. ಅದಕ್ಕೇ ಏಕನಾಥಪ್ಪ ಉಳಿದ ಮುದುಕರನ್ನು ಕೂರಿಸಿಕೊಂಡು ಹಾಡಿಸಿ, ತಾನೂ ಹಾಡಿ, ಟೇಪು ಮಾಡಿ ತಂದಿದ್ದ. ಮಧ್ಯಾಹ್ನ ವೀಣೆ ಹಿಡಿದವನ ಗಂಟಲಿಗೆ ಸೀಡಿ ಆಸರೆಯಾಗಲಿ ಎಂದು.

ದಸ್ತಗೀರ ಬೈಗುಳ ತಿಂದು ಕುಳಿತುಕೊಳ್ಳುವವನಲ್ಲ. ಗಂಟು ಮುಖ ಹಾಕಿಕೊಂಡೇ ಹಾಡುಗಳ ಹಿಂದು ಮುಂದಿನ ಮೌನವನ್ನೆಲ್ಲ ಕತ್ತರಿಸಿದ. ಒಂದರ ಕೊನೆಯ ತಾಳವನ್ನು ಇನ್ನೊಂದರ ಮೊದಲ ತಾಳಕ್ಕೆ ಕೂಡಿಸಿದ. ನಡುವೆ ತುಕಾರಾಮ ಬೋಂಗಾಳೆ ಎಂಬ ಮುದುಕನ ಕೆಮ್ಮು ಬಂತು.

“ಇದನ್ನ ತಗೀಲೇನು ಕಾಕಾ?”

“ಇರ್ಲಿ ಬಿಡು. ಅಂವ ಕೆಮ್ಮಿದ್ರ ತಾಳ ತಪ್ಪಂಗಿಲ್ಲ. ನೀ ಮುಟ್ಟಿದ್ರ ತಪ್ಪತೈತಿ.”

ಆಮೇಲೆ ನನಗೆ ಹೇಳಿದ್ದು ಹೊಸ ಆಜ್ಞೆ. ನಡುವಿನಲ್ಲಿ ಹೊತ್ತಿಸಿದ ಬೆಳಕನ್ನು ಕೊನೆಯ ಹಾಡು ಮುಗಿಯುವವರೆಗೆ ಆರಿಸಬಾರದು. ಬರೆಯುವಾಗ ಯಾರೂ ಕಂಪ್ಯೂಟರ್ ಮುಟ್ಟುವಂತಿರಲಿಲ್ಲ. ಏಕನಾಥಪ್ಪ ಚಪ್ಪಲಿ ಬಿಟ್ಟು, ಕೈ ಮುಗಿದು ನನ್ನೆದುರು ನಿಂತ.

“ಕಾಕಾ, ಮಂಗಳಾರತಿ ತರಸ್ಲೇನು?” ಎಂದ ದಸ್ತಗೀರ.

“ಸುಮ್ನಿರಲೇ. ಅದರ ಧ್ಯಾನ ಕೆಡಿಸಬ್ಯಾಡ.”

ತಟ್ಟೆ ಹೊರಬಂತು. ಹಚ್ಚಿ ಕೇಳಿದರು. ಎಲ್ಲಿಯೂ ಕಡಿದಿರಲಿಲ್ಲ. ಏಕನಾಥಪ್ಪ ದಸ್ತಗೀರನ ಬೆನ್ನಿಗೆ ಒಂದು ಗುದ್ದು ಕೊಟ್ಟ. ಅವನು ಮೆಚ್ಚುಗೆ ತೋರಿಸುವ ರೀತಿ ಅದು.

ಒಂದು ಕೊರತೆ ಉಳಿಯಿತು. ಅಂಚು ಮುಟ್ಟಿದ ಮೇಲೆ ಮತ್ತೆ ನಡುವಿಗೆ ಬರಲು ಯಾವ ಯಂತ್ರಕ್ಕೂ ಒಂದಿಷ್ಟು ಹೊತ್ತು ಬೇಕು. ಅಷ್ಟರಲ್ಲಿ ವೀಣೆ ಹಿಡಿದವನು ದನಿ ಎತ್ತಿ ಹಾಡಬೇಕು ಎಂದು ಏಕನಾಥಪ್ಪ ಎಲ್ಲರಿಗೂ ಕಲಿಸಿದ. ಆ ವರ್ಷ ಸಪ್ತಾಹ ಕಡಿಯಲಿಲ್ಲ. ಮುಂದಿನ ವರ್ಷವೂ ನಡೆಯಿತು.

ಆಮೇಲೆ ದಸ್ತಗೀರನ ಅಂಗಡಿಗೆ ಬರುವವರು ನಿಂತರು. “ಹಾಡು ಎಲ್ಲಾರ ಕಿಸೇದಾಗ ಬಂದಾವ ಕಾಕಾ. ನನ್ನ ಕಡೆ ಯಾಂವ ಬರ್ತಾನ?” ಎಂದು ಬಾಗಿಲು ಹಾಕಿದ. ಕಂಪ್ಯೂಟರನ್ನು, ಅದರೊಳಗಿದ್ದ ನನ್ನನ್ನೂ ಖೋಕಳೆ ಗುಡಿಗೆ ಒಯ್ದ. ನಾನು ಬರೆದ ತಟ್ಟೆಯನ್ನು ನನ್ನ ಬಾಯಿಗೇ ಹಾಕಿದರು. ಅಂದಿನಿಂದ ನಾನು ಬರೆಯಲಿಲ್ಲ. ಬರೀ ಹಾಡಿದೆ.

ನಾನು ಚೆನ್ನಾಗಿ ಹಾಡಿದ್ದೇ ಕೇಡಾಯಿತು. ‘ಮಧ್ಯಾಹ್ನ ಸೀಡಿ ಐತಲ್ಲ’ ಎಂದವರು ‘ಮುಂಜಾನೆಗೂ ಹಚ್ರಿ’ ಎಂದರು. ತುಕಾರಾಮ ತೀರಿಕೊಂಡ. ಅವನ ಕೆಮ್ಮು ಮಾತ್ರ ಪಾಳಿಗೆ ತಪ್ಪದೆ ಬರುತ್ತಿತ್ತು. ಏಕನಾಥಪ್ಪ ಮನೆ ಮನೆಗೆ ಹೋಗಿ ಕರೆದ, ಬೈದ. ‘ಬರ್ತೀವಿ ನಡೀರಿ’ ಎಂದವರು ಬರಲಿಲ್ಲ. ರಾತ್ರಿಯ ಪಾಳಿಯೆಲ್ಲ ಅವನೊಬ್ಬನದೇ ಆಯಿತು.

ಕೊನೆಯ ಸಪ್ತಾಹದಲ್ಲಿ ಒಂದು ಮುಂಜಾನೆ ವೀಣೆಯನ್ನು ಖೋಕಳೆಯ ಕೊರಳಿಗೆ ಹಾಕಿ, ಗಂಜಿ ಕುಡಿದು ಬರುತ್ತೇನೆಂದು ಏಕನಾಥಪ್ಪ ಮನೆಗೆ ಹೋದ. ಖೋಕಳೆ ಸ್ವಲ್ಪ ಹೊತ್ತು ನಿಂತ. ಅಂಗಡಿಯಿಂದ ಕರೆ ಬಂತು. ಕಂಬದ ಮೊಳೆಗೆ ಬಟ್ಟೆಯ ಜೋಳಿಗೆ ಕಟ್ಟಿ ವೀಣೆಯನ್ನು ಅದರಲ್ಲಿ ತೂಗುಹಾಕಿದ. ನೆಲ ಮುಟ್ಟಲಿಲ್ಲ. ನಾನು ಹಾಡುತ್ತಿದ್ದೆ. ಕಟ್ಟಳೆಯ ಪ್ರಕಾರ ಎಲ್ಲವೂ ಸರಿಯಾಗಿತ್ತು. ಗುಡಿಯಲ್ಲಿ ಯಾರೂ ಇರಲಿಲ್ಲ.

ನಾನು ಅಂಚು ಮುಟ್ಟಿದೆ. ನಡುವಿಗೆ ಮರಳುವ ಹೊತ್ತು. ದನಿ ಎತ್ತುವವರಿಲ್ಲ. ಆ ಮೌನದೊಳಗೆ ಏಕನಾಥಪ್ಪ ಬಂದು ಹೊಸ್ತಿಲಲ್ಲಿ ನಿಂತ. ವೀಣೆ ನೋಡಿದ. ಬಾಯಿ ತೆರೆದ. ದನಿ ಹೊರಡುವ ಮೊದಲೇ ನಾನು ಅವನ ದನಿಯಲ್ಲಿ ಮೊದಲ ಹಾಡು ಶುರುಮಾಡಿಬಿಟ್ಟೆ.

ಬೆಳಕು ಆರಿಸದೆ ಬರೆಯುವುದು ನನಗೆ ಗೊತ್ತು. ಕೊರಳು ಒಡ್ಡುವ ಒಬ್ಬನನ್ನು ತಂದು ನಿಲ್ಲಿಸುವುದು ನನಗೆ ಗೊತ್ತಿಲ್ಲ. ಯಾವ ಯಂತ್ರಕ್ಕೂ ಗೊತ್ತಿಲ್ಲ.

ಖೋಕಳೆ ಓಡೋಡಿ ಬಂದ. “ಇಷ್ಟು ಲಗೂ ಯಾಕ ಬಂದ್ರಿ ಕಾಕಾ? ಆರಾಮ ಮಾಡ್ರಿ. ಚಲೋ ನಡದೈತಲ್ಲ.”

“ಯಾರು ಹಾಡಾಕತ್ಯಾರ?”

“ನೀವ ಅಲ್ಲೇನ್ರಿ? ಕೇಳ್ರಿ ಬೇಕಾದ್ರ.”

ಏಕನಾಥಪ್ಪ ಕೇಳಿದ. ಬೈಯಲಿಲ್ಲ. ಅವನು ಬೈಯದೆ ಇದ್ದದ್ದನ್ನು ನಾನು ಕಂಡದ್ದು ಅದೊಂದೇ ಸಲ. ವೀಣೆಯನ್ನು ಮುಟ್ಟಲೂ ಇಲ್ಲ. ಹೆಗಲ ಮೇಲಿನ ಟವೆಲ್ ಕೊಡವಿ, ಮೆಟ್ಟಿಲಿಳಿದು ಓಣಿಯ ತಿರುವಿನಲ್ಲಿ ಹೋದ. ಸಪ್ತಾಹ ಮುಗಿಯುವವರೆಗೂ ಬರಲಿಲ್ಲ, ಆಮೇಲೂ ಬರಲಿಲ್ಲ.