ಜಗಳಕ್ಕೊಂದು ಬಾಗಿಲು

"ನೀರನ್ನ ಖಾಸಗಿ ಕಂಪನಿ ಕೈಗೆ ಕೊಟ್ರೆ ನಾಳೆ ಬಡವ್ರ ನಲ್ಲಿಗೆ ಬೀಗ ಬೀಳುತ್ತೆ. ನೀರು ಮಾರೋ ಸರಕಲ್ಲ ಕಣ್ರೀ!"

ಅನಂತರಾಜು ಮೈಕು ಕೆಳಗಿಟ್ಟಾಗ ಸಮುದಾಯ ಭವನದ ತುಂಬ ಚಪ್ಪಾಳೆ. ಜಾಲಹಳ್ಳಿಯ ಹಳೇ ಜಮೀನ್ದಾರ ಮನೆತನ, ಮೂರು ಬಾಡಿಗೆ ಕಟ್ಟಡಗಳ ಒಡೆಯ. ಅವನ ಮಾತಿಗೆ ಜನ ಕಿವಿಗೊಡುವುದು ಮೊದಲಿಂದಲೂ ರೂಢಿ. ಈ ಯೋಜನೆ ಬಗ್ಗೆ ಜನರ ಅಹವಾಲು ಕೇಳಲು ಬಂದಿದ್ದ ಜಲಮಂಡಳಿ ಅಧಿಕಾರಿಯೂ ಏನೋ ಬರೆದುಕೊಂಡರು.

"ಇನ್ಯಾರಾದ್ರೂ ಮಾತಾಡ್ತೀರಾ?"

ಹಿಂದಿನ ಸಾಲಿನಲ್ಲಿ ಶಿವಲಿಂಗವ್ವ ಎದ್ದು ನಿಂತಳು. ಅನಂತರಾಜು ತಿರುಗಿ ನೋಡಿದ. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು, ಅವನ ಮನೆಯ ಹಿಂದೆ ಅವನದೇ ಶೀಟಿನ ಮನೆಗಳಲ್ಲೊಂದರಲ್ಲಿ ಬಾಡಿಗೆಗಿದ್ದಳು. ಅಲ್ಲಿನ ಆರು ಸಂಸಾರಕ್ಕೂ ಅವನ ಬೋರ್‌ವೆಲ್ ನೀರೇ ಗತಿ. ಬೇಸಿಗೆ ಹಿಡಿದ ಮೇಲೆ ಆ ನೀರು ಅವನ ಟ್ಯಾಂಕರಿನಲ್ಲಿ ಅಪಾರ್ಟ್‌ಮೆಂಟುಗಳಿಗೆ ಹೋಗುತ್ತಿತ್ತು. ಶೀಟಿನ ಮನೆಗಳಿಗೆ ಎರಡು ದಿನಕ್ಕೊಮ್ಮೆ, ಅರ್ಧ ಗಂಟೆ.

"ನನಗ ಕಂಪನಿ ಗಿಂಪನಿ ತಿಳಿಯಂಗಿಲ್ರಿ ಸಾಹೇಬ್ರ," ಎಂದಳು ಶಿವಲಿಂಗವ್ವ. "ನಮ್ಮೂರಾಗ ಸರಕಾರದ ನೀರು ಬರಲಿಲ್ಲಂದ್ರ ಖಾಲಿ ಕೊಡ ತಗೊಂಡು ಆಫೀಸಿನ ಬಾಗಲದಾಗ ಕುಂದರತೀವಿ, ಜಗಳಾ ಮಾಡ್ತೀವಿ. ಇಲ್ಲಿ ಮನಿ ಮಾಲಕ್ರು ಬಂದ್ ಮಾಡಿದ್ರ ಜಗಳಾ ಮಾಡಾಕ ಆಗ್ತದೇನ್ರಿ? ಮನಿ ಖಾಲಿ ಮಾಡ್ರಿ ಅಂತಾರ. ಕಂಪನೀನೂ ಹಂಗ ಇದ್ರ ನಮಗ ಬ್ಯಾಡ್ರಿ."

"ನೀರು ನಿಲ್ಲಿಸಿದ ಓನರ್ ಯಾರಮ್ಮ? ಹೆಸರು ಹೇಳಿ," ಎಂದರು ಅಧಿಕಾರಿ.

ಅವಳು ಅನಂತರಾಜು ಕೂತಿದ್ದ ಮುಂದಿನ ಸಾಲಿನತ್ತ ನೋಡಲೂ ಇಲ್ಲ. "ಹೆಸರು ಬ್ಯಾಡ್ರಿ. ಒಳ್ಳೇ ಮಂದಿ ಅದಾರ," ಎಂದು ಸೆರಗು ಸರಿಮಾಡಿಕೊಂಡು ಕುಳಿತಳು.

ಎದ್ದು 'ನಾನೇ' ಎನ್ನಲು ಅನಂತರಾಜುವಿಗೆ ಒಂದು ಗಳಿಗೆಯಿತ್ತು. ಏಳಲಾಗಲಿಲ್ಲ. ಪಕ್ಕದವನು, "ಸಖತ್ತಾಗಿ ಮಾತಾಡಿದ್ರಿ ಅಣ್ಣಾ," ಎಂದು ಕೈ ಚಾಚಿದ. ಅನಂತರಾಜು ಕೈ ಕುಲುಕಿದ.

ಹೊರಗೆ ಬಂದವನೇ ಟ್ಯಾಂಕರ್ ಓಡಿಸುವ ಖಾದರ್ ಬಾಷಾನಿಗೆ ಫೋನು ಮಾಡಿದ.

"ಇವತ್ತು ಲೋಡ್ ಬೇಡ. ಹಿಂದಿನ ಮನೆಗಳಿಗೆ ನೀರು ಬಿಡು."

"ಇವತ್ತು ಅವ್ರ ದಿನ ಅಲ್ವಲ್ಲಣ್ಣಾ?"

"ಬಿಡು," ಎಂದ ಅನಂತರಾಜು. "ಇನ್ಮೇಲೆ ದಿನಾ ಬಿಡು."

ಮನೆಯ ಓಣಿಯಲ್ಲಿ ಶಿವಲಿಂಗವ್ವ ಮುಂದೆ ಹೋಗುತ್ತಿದ್ದಳು. ಹೆಜ್ಜೆ ಸಪ್ಪಳಕ್ಕೆ ತಿರುಗಿ ನೋಡಿ, ಗೋಡೆಯ ಬದಿಗೆ ಸರಿದು ನಿಂತಳು. ಇಬ್ಬರು ಜೊತೆಯಾಗಿ ನಡೆದರೂ ಜಾಗ ಮಿಗುವಷ್ಟು ಅಗಲದ ಓಣಿ.

"ಚಲೋ ಮಾತಾಡಿದ್ರಿ ಅಣ್ಣಾರ," ಎಂದಳು. ದನಿಯಲ್ಲಿ ಕೊಂಕಿರಲಿಲ್ಲ.

"ನೀನು ಮುಂದೆ ನಡಿಯಮ್ಮ."

"ಇರ್ಲಿರಿ, ನೀವು ಹೋಗ್ರಿ."

ಅವನು ಹೋಗಲಿಲ್ಲ. ಬೈಕೊಂದು ಹಾರ್ನ್ ಹೊಡೆಯುತ್ತ ಇಬ್ಬರ ನಡುವೆ ಹಾದುಹೋಯಿತು. ಅದರ ಧೂಳು ಅಡಗಿದ ಮೇಲೂ ಅವಳು ಗೋಡೆಗೆ ಬೆನ್ನು ತಾಗಿಸಿ, ಅವನು ದಾಟಲೆಂದು ತಲೆ ತಗ್ಗಿಸಿ ನಿಂತೇ ಇದ್ದಳು.