ಷಡ್ಡಕರ ಕಟ್ಟಡ

ಅಕ್ಕನ ಗಂಡ ಆಡಿಟರ್, ತಂಗಿಯ ಗಂಡ ಹಲ್ಲುಸೆಟ್ಟು ಮಾಡುವವನು. ಷಡ್ಡಕರಿಬ್ಬರೂ ಸಮಪಾಲು ಹಾಕಿ ಎರಡಂತಸ್ತಿನ ಒಂದು ಕಟ್ಟಡ ಕೊಂಡಿದ್ದರು. ಕೆಳಗೆ ಬಾಡಿಗೆಗೆ ಪೇಂಟಿನ ಅಂಗಡಿ, ಮೇಲೆ ಹಲ್ಲಿನವನ ಕೆಲಸದ ಕೋಣೆ. ಅಲ್ಲಿ ಗೋಡೆಯುದ್ದಕ್ಕೂ ಹಲಗೆ, ಹಲಗೆ ತುಂಬ ಪ್ಲಾಸ್ಟರಿನ ದವಡೆಗಳು. ಬಾಗಿಲು ತೆಗೆದರೆ ಸಾಕು, ಊರಿಗೆ ಊರೇ ನಮ್ಮನ್ನು ನೋಡಿ ಹಲ್ಲು ಕಿರಿದ ಹಾಗಿರುತ್ತಿತ್ತು.

ಕರಾರುಪತ್ರ ಬರೆದವನು ಆಡಿಟರೇ. "ಮುಂದೆ ನೀನು ನನ್ನ ಬೈಕೊಳ್ಳಬಾರದು ನೋಡು" ಎಂದು ಅದರಲ್ಲೊಂದು ಷರತ್ತು ಸೇರಿಸಿದ್ದ. ಪಾಲುಗಾರಿಕೆ ಸಾಕೆನಿಸಿದವನು ಅರ್ಧ ಪಾಲಿಗೆ ಒಂದು ಬೆಲೆ ಹೇಳಬೇಕು. ಆ ಬೆಲೆಗೆ ತನ್ನ ಪಾಲು ಮಾರುವುದೋ, ಹೇಳಿದವನ ಪಾಲನ್ನೇ ಕೊಳ್ಳುವುದೋ, ಇನ್ನೊಬ್ಬನ ಇಷ್ಟ. ಹೀಗಿದ್ದಾಗ ಯಾರೂ ತೀರಾ ಕಡಿಮೆ ಹೇಳಲಾರರು. ಆಚೆಯವನ ಕೈಯಲ್ಲಿ ಕಾಸಿಲ್ಲವೆಂದು ಗೊತ್ತಿದ್ದರೆ ಮಾತು ಬೇರೆ.

ಆಡಿಟರಿಗೆ ಅದು ಚೆನ್ನಾಗಿಯೇ ಗೊತ್ತಿತ್ತು, ಹಲ್ಲಿನವನ ಲೆಕ್ಕ ಬರೆಯುತ್ತಿದ್ದವನೂ ಅವನೇ. ಪಕ್ಕದ ಆಸ್ಪತ್ರೆಯವರು ಇಡೀ ಕಟ್ಟಡ ಕೊಳ್ಳುತ್ತೇವೆಂದು ಗುಟ್ಟಾಗಿ ಕೇಳಿದ್ದೇ ತಡ, ಒಂದು ಪಾಲಿಗೆ ಅವರಿಂದ ಬರಬಹುದಾದ ಹಣದಲ್ಲಿ ಅರ್ಧವನ್ನಷ್ಟೇ ಬೆಲೆಯೆಂದು ಹೇಳಿ ಷಡ್ಡಕನಿಗೆ ನೋಟೀಸು ಕಳಿಸಿದ. ಉತ್ತರಕ್ಕೆ ಒಂದು ತಿಂಗಳು.

ಹಲ್ಲಿನವನ ಜೀವ ಬಾಯಿಗೆ ಬಂತು. ದಂತವೈದ್ಯರೆಲ್ಲ ಇದ್ದದ್ದು ಅದೇ ಬೀದಿಯಲ್ಲಿ. ಆ ಕೋಣೆ ಹೋಗಿ ಊರಾಚೆ ಕೂತರೆ ಅವನನ್ನು ಹುಡುಕಿಕೊಂಡು ಯಾರೂ ಬರುತ್ತಿರಲಿಲ್ಲ.

ಇತ್ತ ಆಡಿಟರ್ ಊಟಕ್ಕೆ ಕೂತು ಹೆಂಡತಿಗೆ ಎಲ್ಲವನ್ನೂ ವಿವರಿಸಿದ. ಆಸ್ಪತ್ರೆಯವರ ಬೆಲೆಯನ್ನೂ ಬಿಡಲಿಲ್ಲ. ಜಾಣತನ ತೋರಿಸಿಕೊಳ್ಳಲು ಮನೆಯಲ್ಲಿ ಬೇರೆ ಯಾರಿದ್ದರು?

"ತಂಗಿ ಯಜಮಾನರೇ ಕೊಂಡ್ಕೋತೀನಿ ಅಂದ್ರೆ?"

"ನಾನು ಮಾರಲೇಬೇಕು. ಆದ್ರೆ ದುಡ್ಡೆಲ್ಲಿಂದ ತರ್ತಾನೆ, ಪಾಪ!"

"ಪಾಪ" ಎಂದು ಅವಳೂ ಒಪ್ಪಿ, ಇನ್ನಷ್ಟು ಅನ್ನ ಬಡಿಸಿದಳು.

ತಿಂಗಳ ಕೊನೆಗೆ ಎಲ್ಲರೂ ವಕೀಲರ ಕೋಣೆಯಲ್ಲಿ ಸೇರಿದರು. ಅಕ್ಕತಂಗಿಯರಿಬ್ಬರೂ ಒಂದೇ ಬೆಂಚಿನಲ್ಲಿ ಕೂತರು. ಆಡಿಟರ್ ಪೆನ್ನಿನ ಮುಚ್ಚಳ ತೆಗೆದೇ ಬಂದಿದ್ದ.

"ನಿಮ್ಮ ಪಾಲು ನಾನು ತಗೋತೀನಿ, ಭಾವ" ಎಂದ ಹಲ್ಲಿನವನು.

"ಏನು ಕೊಟ್ಟು ಮಾರಾಯ? ದವಡೆನಾ?"

ಹಲ್ಲಿನವನು ಚೆಕ್ಕು ಮುಂದಿಟ್ಟ. ಅದರ ಮೇಲಿನ ಸಹಿ ನೋಡಿ ಆಡಿಟರ್ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ. ಸಹಿ ಬದಲಾಗಲಿಲ್ಲ.

"ಇದು ನಿಂದಲ್ವೇನೇ?"

"ನಂದೇ" ಎಂದಳು ಹೆಂಡತಿ.

ತೆರಿಗೆ ಉಳಿಸಲೆಂದು ಆಡಿಟರ್ ಅವಳನ್ನು ತನ್ನ ಆಫೀಸಿನ ಸಲಹೆಗಾರ್ತಿಯೆಂದು ತೋರಿಸಿ, ವರ್ಷವರ್ಷವೂ ಅವಳ ಹೆಸರಿಗೆ ಸಂಬಳ ಹಾಕಿ, ಅದನ್ನು ಅವಳ ಹೆಸರಲ್ಲೇ ಠೇವಣಿಯಿಡುತ್ತಿದ್ದ. ಸಲಹೆಯನ್ನು ಮಾತ್ರ ಎಂದೂ ಕೇಳಿದವನಲ್ಲ.

"ಅದು ನನ್ನ ದುಡ್ಡು!"

"ಹೌದಾ?" ವಕೀಲರು ತಲೆಯೆತ್ತಿದರು. "ಅಮ್ಮನವರದ್ದು ಅಂತ ತೆರಿಗೆ ಆಫೀಸಿಗೆ ನೀವೇ ಬರೆದುಕೊಟ್ಟಿದ್ರಲ್ಲ ಸ್ವಾಮಿ? ಸುಳ್ಳಾ ಅದು?"

ಆಡಿಟರ್ ಬಾಯಿ ತೆರೆದ, ಮುಚ್ಚಿದ. ಹಲ್ಲಿನವನು ಅಭ್ಯಾಸಬಲದಿಂದ ಅವನ ಮೇಲ್ದವಡೆಯನ್ನು ನೋಡಿದ.

"ತಂಗಿ ನನ್ನ ಹತ್ರ ಅತ್ತಳು ರೀ" ಎಂದಳು ಹೆಂಡತಿ. "ನೀವು ಬೆಲೆ ಹೇಳೋ ಮೊದಲು ನನ್ನ ಒಂದು ಮಾತು ಕೇಳಿದ್ರೆ ಬೇಡ ಅಂತಿದ್ದೆ. ಈಗ ಆ ಪಾಲು ನನ್ನ ಹೆಸರಿಗಾಗತ್ತೆ. ಅವರ ಕೋಣೆ ಅವರಿಗಿರಲಿ."

ಆಡಿಟರ್ ಸಹಿ ಹಾಕಿದ. ಕೈಬರಹ ಮಾತ್ರ ಎಂದಿನಂತೆ ದುಂಡಗಿತ್ತು.

ಮನೆಗೆ ಹೋಗುವಾಗ ಅವನು ಮೆಲ್ಲಗೆ ಕೇಳಿದ: "ಆಸ್ಪತ್ರೆಯವರಿಗೆ ಏನು ಹೇಳಲಿ?"

"ನೀವ್ಯಾಕೆ ಹೇಳ್ತೀರಿ? ನಿಮಗೆ ಅಲ್ಲಿ ಪಾಲೇ ಇಲ್ವಲ್ಲ" ಎಂದಳು ಹೆಂಡತಿ. ಸ್ವಲ್ಪ ದೂರ ಹೋದ ಮೇಲೆ ಸೇರಿಸಿದಳು, "ನಮ್ಮ ಹೊಸ ಕರಾರುಪತ್ರ ನೀವೇ ಬರೀಬೇಕಂತೆ. ತಂಗಿಗೆ ನಿಮ್ಮ ಮೇಲೆ ತುಂಬಾ ನಂಬಿಕೆ. ಆ ಷರತ್ತೊಂದು ಬೇಡ."